ಹೇಳಿ ಎತ್ತು

ಜಾಗ ಇತ್ತು. ನನ್ನ ಸಿಟ್ಟಿಗೆ ಅದೇ ಕಾರಣ. ಇಲ್ಲದೇ ಹೋಗಿದ್ದರೆ ಇಲ್ಲ ಎಂದು ಕೈ ಕೊಡವಿ ಊಟಕ್ಕೆ ಹೋಗುತ್ತಿದ್ದೆ. ನಮ್ಮ ಆರು ಸರ್ವರ್‌ಗಳಲ್ಲಿ ಒಂದೊಂದರಲ್ಲೂ ಚೂರುಪಾರು ಜಾಗ ಉಳಿದಿತ್ತು. ಎಲ್ಲ ಕೂಡಿಸಿದರೆ ಹೊಸ ಗಿರಾಕಿ ಕುದಾಪುರದವರ ಮಷೀನು ಕಾಲು ಚಾಚಿ ಮಲಗುವಷ್ಟು. ಆದರೆ ಯಾವೊಂದರಲ್ಲೂ ಅದು ಹಿಡಿಸುತ್ತಿರಲಿಲ್ಲ.

ಈ ಕೆಲಸದ ಗಂಧ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಸರ್ವರ್ ಎಂದರೆ ದೊಡ್ಡ ಕಂಪ್ಯೂಟರ್, ಕಬ್ಬಿಣದ ಪೆಟ್ಟಿಗೆ. ಕಣ್ಣಿಗೆ ಕಾಣುತ್ತದೆ, ಎಚ್ಚರ ತಪ್ಪಿದರೆ ಮಂಡಿಗೂ ಬಡಿಯುತ್ತದೆ. ಅದರೊಳಗೆ ನಾವು ಹತ್ತಾರು ಪುಟ್ಟ ಕಂಪ್ಯೂಟರುಗಳನ್ನು ಕೂರಿಸುತ್ತೇವೆ. ಅವು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೇ ಅವಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಗಿರಾಕಿಗೊಂದು ಮಷೀನು. ಪ್ರತಿಯೊಬ್ಬ ಗಿರಾಕಿಯೂ ಇಡೀ ಕಂಪ್ಯೂಟರ್ ತನ್ನದೇ ಎಂದುಕೊಂಡು ಸುಖವಾಗಿರುತ್ತಾನೆ. ಯಾವುದನ್ನು ಯಾವ ಪೆಟ್ಟಿಗೆಯಲ್ಲಿ ಕೂರಿಸಬೇಕು ಎಂದು ತೀರ್ಮಾನಿಸುವುದು ನನ್ನ ಮತ್ತು ಜ್ಯೋತಿಲಕ್ಷ್ಮಿಯ ಕೆಲಸ. ಒಂದೇ ಮಷೀನನ್ನು ಅರ್ಧ ಇಲ್ಲಿ, ಅರ್ಧ ಅಲ್ಲಿ ಕೂರಿಸಲು ಬರುವುದಿಲ್ಲ. ಬಸ್ಸಿನಲ್ಲಿ ಸೀಟಿಗೊಬ್ಬರಂತೆ ಕೂತಿದ್ದರೆ ಜಾಗವೇನೋ ಇರುತ್ತದೆ, ಮಗುವನ್ನು ಮಲಗಿಸಬೇಕಾದ ತಾಯಿಗೆ ಮಾತ್ರ ಪೂರ್ತಿ ಸೀಟು ಸಿಗುವುದಿಲ್ಲ. ಯಾರಾದರೂ ಎದ್ದು ಸರಿದು ಕೂರಬೇಕು. ನಮ್ಮಲ್ಲಿ ಯಾರನ್ನೂ ಏಳಿಸುವಂತಿರಲಿಲ್ಲ.

ಅದಕ್ಕೆ ಕಾರಣ ಜ್ಯೋತಿಲಕ್ಷ್ಮಿಯ ತಾಯಿ ಮಂಜುಳಮ್ಮ.

ನಮ್ಮ ಸರ್ವರ್ ಕೋಣೆ ಇರುವುದು ಚಳ್ಳಕೆರೆಯ ಒಂದು ಹಳೇ ಶೇಂಗಾ ಎಣ್ಣೆ ಮಿಲ್ಲಿನ ಗೋದಾಮಿನಲ್ಲಿ. ಮಿಲ್ಲು ನಿಂತ ಮೇಲೆ ಯಜಮಾನ ಜಂಬುಲಿಂಗಪ್ಪನವರು ಗಾಣಗಳನ್ನು ಮಾರಿದರು. ದೊಡ್ಡ ಕರೆಂಟ್ ಲೈನು ಮತ್ತು ಜನರೇಟರು ಸುಮ್ಮನೆ ಬಿದ್ದಿವೆಯಲ್ಲ ಎಂದು ಯಾರೋ ತಲೆಗೆ ತುಂಬಿದ್ದಕ್ಕೆ ಸರ್ವರ್ ತರಿಸಿದರು. ಈಗಲೂ ಮಳೆ ಬಿದ್ದ ದಿನ ಗೋಡೆಯಿಂದ ಎಣ್ಣೆ ವಾಸನೆ ಬರುತ್ತದೆ, ನನಗೆ ಹಸಿವಾಗುತ್ತದೆ. ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಮೊಳಕಾಲ್ಮೂರಿನ ರೇಷ್ಮೆ ನೇಕಾರರು. ಅವರ ಮಗ್ಗಗಳ ಮೇಲೆ ಈಗ ಒಂದೊಂದು ಪೆಟ್ಟಿಗೆ ಇರುತ್ತದೆ. ಪ್ರತಿ ಸಾಲಿಗೂ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗಿರಬೇಕು ಎಂದು ಆ ಪೆಟ್ಟಿಗೆಗೆ ಹೇಳುವುದು ಇಲ್ಲಿ ಚಳ್ಳಕೆರೆಯಲ್ಲಿ ಕೂತ ಮಷೀನು. ಮನೆಗೊಂದು ಮಗ್ಗ, ಮಗ್ಗಕ್ಕೊಂದು ಮಷೀನು.

ನೇಕಾರರ ಸಂಘ ನಮ್ಮಲ್ಲಿಗೆ ಬಂದ ದಿನ ಅದರ ಅಧ್ಯಕ್ಷೆ ಮಂಜುಳಮ್ಮ ಬೆಲೆ ಕೇಳಲಿಲ್ಲ, ವೇಗ ಕೇಳಲಿಲ್ಲ. ಕೇಳಿದ್ದು ಒಂದೇ ಮಾತು.

"ಮಗ್ಗದ ಮ್ಯಾಲೆ ಸೀರೆ ಇದ್ದಾಗ ನಮ್ಮ ಮಷೀನನ್ನ ನಡುವೆ ಎತ್ತಿ ಬೇರೆ ಕಡೆ ಇಡ್ತೀರಾ?"

ಅವರಲ್ಲಿ ಅದು ಕಟ್ಟುನಿಟ್ಟು. ಅರ್ಧ ನೇಯ್ದ ಸೀರೆ ಇರುವ ಮಗ್ಗವನ್ನು ಅಲುಗಿಸುವುದಿಲ್ಲ. ಅಣ್ಣತಮ್ಮಂದಿರು ಭಾಗವಾಗಿ ಮನೆ ಬಿಟ್ಟರೂ, ಬಿಟ್ಟು ಹೋದವನು ಸೀರೆ ಮುಗಿದು ಮಗ್ಗದಿಂದ ಇಳಿಯುವವರೆಗೆ ದಿನಾ ಬಂದು ಅಣ್ಣನ ಮನೆಯಲ್ಲೇ ಕೂತು ನೇಯುತ್ತಾನೆ. ಇಬ್ಬರಿಗೂ ಮಾತು ಬಿಟ್ಟಿರುತ್ತದೆ, ಆದರೂ ನೇಯುತ್ತಾನೆ. ನಡುವೆ ಎತ್ತಿದರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ ಎಂಬುದು ಅವರ ಲೆಕ್ಕ. ಜ್ಯೋತಿಲಕ್ಷ್ಮಿ ಆಗಷ್ಟೇ ಕೆಲಸಕ್ಕೆ ಸೇರಿದ್ದಳು. ಅಮ್ಮನ ಮುಖ ನೋಡಿ "ಎತ್ತಲ್ಲ" ಎಂದಳು. ಕರಾರಿನಲ್ಲಿ ಅದನ್ನೇ ಬರೆದೆವು. ನಾನು ಆಗ ನಕ್ಕಿದ್ದೆ. ಈಗ ಪ್ರತಿ ಸರ್ವರ್‌ನಲ್ಲೂ ಅಷ್ಟಷ್ಟು ನೇಕಾರರು ಬೇರುಬಿಟ್ಟು ಕೂತಿದ್ದರು. ಒಬ್ಬರ ಸೀರೆ ಇಳಿಯುವಷ್ಟರಲ್ಲಿ ಇನ್ನೊಬ್ಬರದು ಏರುತ್ತಿತ್ತು.

ಗುರುವಾರ ಜಂಬುಲಿಂಗಪ್ಪನವರು ಬಂದು ಬಾಗಿಲಲ್ಲೇ ನಿಂತು ವಿಷಯ ತಿಳಿಸಿದರು. ಕುದಾಪುರದ ಒಂದು ಸಂಶೋಧನಾ ಕೇಂದ್ರದವರು ಹುಲ್ಲುಗಾವಲಿನ ಫೋಟೋಗಳನ್ನು ಇಟ್ಟು ಲೆಕ್ಕ ಹಾಕುವುದಕ್ಕೆ ಒಂದು ದೊಡ್ಡ ಮಷೀನು ಕೇಳಿದ್ದಾರೆ. ಸೋಮವಾರದಿಂದ ಬೇಕು.

"ಏಳನೇ ಸರ್ವರ್ ತರಿಸಿದ್ರೆ ಆಗುತ್ತೆ ಯಜಮಾನ್ರೇ," ಅಂದೆ.

"ತರಿಸಲ್ಲ ವೀರೇಶ. ಇರೋದ್ರಲ್ಲೇ ಜಾಗ ಐತೆ ಅಂತ ನಿನ್ನ ಸ್ಕ್ರೀನೇ ಹೇಳ್ತೈತೆ. ಇದನ್ನೂ ಕೂರಿಸೋಕೆ ಆಗಲ್ಲ ಅಂದ್ರೆ ಈ ಕೋಣೆ ಬಾಗಿಲು ಹಾಕ್ತೀನಿ. ಶೇಂಗಾ ವ್ಯಾಪಾರಿಯೊಬ್ಬ ಗೋದಾಮು ಬಾಡಿಗೆಗೆ ಕೇಳ್ತಾ ಅವ್ನೆ."

ಅವರು ಕೂಗಾಡುವ ಮನುಷ್ಯರಾಗಿದ್ದರೆ ನನಗೆ ಭಯವಾಗುತ್ತಿರಲಿಲ್ಲ. ಮೆತ್ತಗೆ ಹೇಳಿ ಹೋದರು. ನಾನು ಹೇಗೋ ಬದುಕುತ್ತೇನೆ, ನನಗೆ ಜನರೇಟರ್ ರಿಪೇರಿಯೂ ಗೊತ್ತು. ಜ್ಯೋತಿಲಕ್ಷ್ಮಿಗೆ ಈ ಕೆಲಸವೆಂದರೆ ಪ್ರಾಣ. ಮೊಳಕಾಲ್ಮೂರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಸರ್ವರ್‌ಗಳ ಮುಂದೆ ಕೂತರೆ ಊಟ ಮರೆಯುತ್ತಾಳೆ. ಅವಳ ಡಬ್ಬಿಯ ಚಿತ್ರಾನ್ನ ಎಷ್ಟೋ ಸಲ ನನ್ನ ಪಾಲಾಗಿದೆ.

"ಯಾರಿಗೂ ಹೇಳದೆ ಎತ್ತಿಬಿಡೋಣ ಕಣಮ್ಮ," ಅಂದೆ. "ಅವರಿಗೇನು ಕಾಣುತ್ತೆ?"

ಅವಳು ನನ್ನನ್ನು ನೋಡಿದ ನೋಟಕ್ಕೆ ನಾನೇ ಬೇರೆ ಮಾತು ತೆಗೆದೆ.

ನಿಜ ಹೇಳಬೇಕೆಂದರೆ ಎತ್ತುವುದು ಕಷ್ಟವೇ ಅಲ್ಲ. ಮಷೀನು ತನ್ನ ಪಾಡಿಗೆ ಕೆಲಸ ಮಾಡುತ್ತಿರುವಾಗಲೇ ಅದರ ನೆನಪಿನಲ್ಲಿರುವುದನ್ನೆಲ್ಲ ಇನ್ನೊಂದು ಸರ್ವರ್‌ಗೆ ನಕಲು ಮಾಡುತ್ತಾ ಹೋಗುತ್ತೇವೆ. ಅಷ್ಟರಲ್ಲಿ ಏನು ಬದಲಾಗಿದೆಯೋ ಅದನ್ನು ಮತ್ತೆ ನಕಲು ಮಾಡುತ್ತೇವೆ. ಕೊನೆಗೆ ಚಿಟಿಕೆಯಷ್ಟು ಉಳಿದಾಗ ಕಣ್ಣು ಮಿಟುಕಿಸುವಷ್ಟು ಹೊತ್ತು ಇಲ್ಲಿ ನಿಲ್ಲಿಸಿ ಅಲ್ಲಿ ಎಬ್ಬಿಸುತ್ತೇವೆ. ಆ ಮಿಟುಕಿನೊಳಗೆ ಗೆರೆ ಬೀಳುತ್ತದೋ ಇಲ್ಲವೋ ಎಂದು ಜಗತ್ತಿನಲ್ಲಿ ಯಾರೂ ರೇಷ್ಮೆಯ ಮೇಲೆ ಪರೀಕ್ಷೆ ಮಾಡಿರಲಿಕ್ಕಿಲ್ಲ.

ಶನಿವಾರ ಬೆಳಿಗ್ಗೆ ನನ್ನ ಬೈಕಿನಲ್ಲಿ ಇಬ್ಬರೂ ಹೊರಟೆವು. ಬಿ.ಜಿ. ಕೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ನಾನು ತಿಂದೆ ಎನ್ನುವುದೇ ಸರಿ, ಅವಳು ತಟ್ಟೆ ಹಿಡಿದುಕೊಂಡಿದ್ದಳು.

ಮಂಜುಳಮ್ಮನ ಮನೆ ಎಂದರೆ ಮುಂದಿನ ಪಡಸಾಲೆ ಪೂರ್ತಿ ಮಗ್ಗ, ಹಿಂದೆ ಸಂಸಾರ. ನೆಲದಲ್ಲಿ ಗುಂಡಿ, ಗುಂಡಿಯಲ್ಲಿ ಕಾಲು ಇಳಿಬಿಟ್ಟು ಅವರು ನೇಯುತ್ತಿದ್ದರು. ಹಸಿರು ರೇಷ್ಮೆ, ಜರಿಯ ಪುಟ್ಟ ನವಿಲುಗಳು. ಸಂಘದ ಪರವಾಗಿ ಸಿದ್ದಕ್ಕ ಮತ್ತು ಚೌಡೇಶ ಬಂದು ಚಾಪೆಯ ಮೇಲೆ ಕೂತಿದ್ದರು. ಸಿದ್ದಕ್ಕನೂ ನೇಯುವವರೇ, ಎದುರು ಮನೆ. ಮಂಜುಳಮ್ಮನ ಬಟ್ಟೆಯಲ್ಲಿ ಒಂದು ಗೆರೆ ಹುಡುಕಬೇಕೆಂದು ಮದುವೆಯಾಗಿ ಬಂದಾಗಿನಿಂದ ಕಾಯುತ್ತಿದ್ದಾರೆ ಎಂದು ಜ್ಯೋತಿಲಕ್ಷ್ಮಿ ದಾರಿಯಲ್ಲೇ ಹೇಳಿದ್ದಳು. ಮಂಜುಳಮ್ಮನ ಸೀರೆಯಲ್ಲಿ ಗೆರೆ ಇಲ್ಲ ಎಂಬುದು ಆ ಊರಿನಲ್ಲಿ ಎಲ್ಲರೂ ಒಪ್ಪಿದ ಸಂಗತಿ. ಬೇರೆಯವರು ತಮ್ಮ ಸೀರೆ ಹೊಗಳಿಕೊಳ್ಳುವಾಗಲೂ ಅವರ ಹೆಸರನ್ನೇ ಅಳತೆಗೆ ಇಟ್ಟುಕೊಳ್ಳುತ್ತಿದ್ದರು.

ನಾನು ಎಲ್ಲ ವಿವರಿಸಿದೆ. ಕುದಾಪುರದ ವಿಷಯ, ಜಾಗದ ವಿಷಯ, ಬಾಗಿಲು ಹಾಕುವ ವಿಷಯ.

"ಬಾಗಿಲು ಹಾಕಿದ್ರೆ ನಾವು ಬೇರೆ ಕಡೆ ಹೋಗ್ಬೇಕಾಗುತ್ತೆ, ಆಗಲೂ ಎತ್ತಲೇಬೇಕಲ್ರಿ," ಎಂದ ಚೌಡೇಶ. ಬುದ್ಧಿವಂತ.

"ಹಂಗಂತ ಸೀರೆ ಕೆಡಿಸ್ಕೊಳ್ಳೋಕಾಗುತ್ತಾ," ಎಂದರು ಸಿದ್ದಕ್ಕ. "ಕರಾರು ಕರಾರೇ."

ಮಂಜುಳಮ್ಮ ನೇಯ್ಗೆ ನಿಲ್ಲಿಸಿ ಮಗಳನ್ನು ನೋಡಿದರು. "ಏಮಮ್ಮಾ, ನೀನೇನು ಹೇಳ್ತೀಯಾ?"

"ಏನೂ ಆಗಲ್ಲ ಅಂತ ನಂಗೆ ಗೊತ್ತು ಅಮ್ಮ. ಆದ್ರೆ ನಾನು ಹೇಳಿದ್ದಕ್ಕೇ ನೀನು ನಂಬಬೇಡ."

"ಸರೇ. ಹಂಗಾದ್ರೆ ನಂದೇ ಮೊದಲು ಎತ್ತು. ನಾನು ನೇಯ್ತಾ ಇರ್ತೀನಿ. ಗೆರೆ ಬಿದ್ರೆ ಯಾರದೂ ಎತ್ತೋದು ಬ್ಯಾಡ, ಬೀಳದಿದ್ರೆ ಎಲ್ಲರದ್ದೂ ಎತ್ತು. ಒಂದೇ ಮಾತು, ಕಳ್ಳತನದಲ್ಲಿ ಎತ್ತಬೇಡ. ನನಗೆ ಹೇಳಿ ಎತ್ತು."

ಸಿದ್ದಕ್ಕ ತಲೆಯಾಡಿಸಿದರು. ಚೌಡೇಶನೂ ಒಪ್ಪಿದ. ನನಗೆ ಖುಷಿಯಾಯಿತು. ಲ್ಯಾಪ್‌ಟಾಪ್ ತರುತ್ತೇನೆಂದು ಹೊರಗೆ ಹೋದ ಜ್ಯೋತಿಲಕ್ಷ್ಮಿಯ ಹಿಂದೆಯೇ ಹೋದೆ. ಅವಳ ಮುಖ ಇಳಿದುಹೋಗಿತ್ತು.

"ಗೆರೆ ಬೀಳುತ್ತೆ ಸಾರ್," ಅಂದಳು.

"ನಿನ್ನ ತಲೆ. ಮಷೀನಿಗೆ ಏನೂ ಆಗಲ್ಲ ಅಂತ ಈಗ ತಾನೇ ಹೇಳ್ದೆ."

"ಮಷೀನಿಗೆ ಆಗಲ್ಲ. ಅಮ್ಮನ ಕೈಗೆ ಆಗುತ್ತೆ. ನೇಯೋರಿಗೆ ಮನಸ್ಸಿನಲ್ಲಿ ಏನಾದ್ರೂ ಹೊಕ್ಕರೆ ಎಳೆ ಒತ್ತಿ ಕೂರಿಸೋಕೆ ಹಣಿಗೆ ಬಡಿಯೋ ಹದ ಬದಲಾಗುತ್ತೆ. ಗೆರೆ ಬೀಳೋದು ಅದಕ್ಕೇ. ಈಗ ಎತ್ತುತ್ತಾ ಇದ್ದೀನಿ ಅಂತ ನಾನು ಹೇಳಿದ ಕ್ಷಣಕ್ಕೇ ಬೀಳುತ್ತೆ."

"ಹಂಗಾದ್ರೆ ಹೇಳಬೇಡ. ಎತ್ತಿಬಿಟ್ಟು ಆಮೇಲೆ ಹೇಳು."

"ಕಳ್ಳತನ ಬೇಡ ಅಂದ್ರಲ್ಲ."

ನನಗೆ ರೇಗಿತು. ಈ ತಾಯಿ ಮಗಳ ಸತ್ಯಸಂಧತೆಯಲ್ಲಿ ನನ್ನ ಕೆಲಸ ಹೋಗುತ್ತದೆ ಎಂದು ಗೊಣಗಿದೆ. ಅವಳು ಲ್ಯಾಪ್‌ಟಾಪ್ ತೆಗೆದುಕೊಂಡು ಒಳಗೆ ಹೋದಳು. ಹಿಂದೆ ಹೋಗುವಾಗ ಹೊಸಿಲು ಎಡವಿದೆ.

ಅವಳು ಮಗ್ಗದ ಪಕ್ಕ ನೆಲದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಳು. ನಾನು ಅವಳ ಬೆನ್ನ ಹಿಂದೆ. ಸಿದ್ದಕ್ಕ ಬಟ್ಟೆಯ ಕಡೆ ಬಾಗಿಕೊಂಡರು. ಮಂಜುಳಮ್ಮ ನೇಯತೊಡಗಿದರು. ಮೆಟ್ಟು, ಲಾಳಿ, ಬಡಿತ. ಮೆಟ್ಟು, ಲಾಳಿ, ಬಡಿತ. ಗೋಡೆ ಗಡಿಯಾರಕ್ಕಿಂತ ಸಮವಾಗಿತ್ತು. ಹಾಗೇ ಕೇಳುತ್ತಾ ಕೂತರೆ ನಿದ್ದೆ ಬಂದುಬಿಡುತ್ತದೆ.

"ಅಮ್ಮಾ, ಎತ್ತುತ್ತಾ ಇದ್ದೀನಿ," ಎಂದಳು ಜ್ಯೋತಿಲಕ್ಷ್ಮಿ. ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು.

ಬಡಿತ ನಿಲ್ಲಲಿಲ್ಲ. ಆದರೆ ನನ್ನಂಥ ಎಣ್ಣೆ ಊರಿನವನ ಕಿವಿಗೂ ಕೇಳಿಸುವಂತೆ ಎರಡು ಮೂರು ಬಡಿತ ಗಟ್ಟಿಯಾದವು. ಮಂಜುಳಮ್ಮನ ತುಟಿ ಬಿಗಿಯಿತು. ಮತ್ತೆ ನಿಧಾನಕ್ಕೆ ಬಡಿತ ಹಳೇ ಲಯಕ್ಕೆ ಬಂತು.

ಸ್ಕ್ರೀನಿನಲ್ಲಿ ನಕಲು ಇನ್ನೂ ಕಾಲುಭಾಗವೂ ಆಗಿರಲಿಲ್ಲ. ಬೇರೆ ಗಿರಾಕಿಗಳಿಗೆ ತೊಂದರೆಯಾಗದಿರಲಿ ಎಂದು ನಿಧಾನವಾಗಿ ಸಾಗಿಸುವಂತೆ ನಾನೇ ಕಟ್ಟು ಹಾಕಿದ್ದೆ. ಮಷೀನು ಇನ್ನೂ ಹಳೇ ಸರ್ವರ್‌ನಲ್ಲೇ ಕೂತು ನವಿಲಿನ ಕಾಲುಗಳನ್ನು ಹೇಳಿಕೊಡುತ್ತಿತ್ತು. ಸುಮ್ಮನಿರಲಾರದೆ ನಾನು ಮಾತು ತೆಗೆದೆ. ನಮ್ಮ ಮನೆಯವಳ ಹತ್ತಿರವೂ ಒಂದು ಮೊಳಕಾಲ್ಮೂರು ಸೀರೆ ಇದೆ, ಮದುವೆಯಲ್ಲಿ ತಂದದ್ದು, ಬೀರುವಿನಲ್ಲಿ ಇಟ್ಟಿದ್ದಾಳೆ ಎಂದೆ.

"ಮಡಿಕೆ ಬದಲಾಯಿಸ್ತಾರಾ?" ಎಂದರು ಮಂಜುಳಮ್ಮ ನೇಯುತ್ತಲೇ.

"ಯಾವ ಮಡಿಕೆ?"

"ಅಯ್ಯೋ ರಾಮ. ಮದುವೆಯಿಂದ ಅದೇ ಮಡಿಕೇಲಿ ಐತಾ? ರೇಷ್ಮೆ ಮಡಿಕೆಯಲ್ಲೇ ಸೀಳುತ್ತೆ ಕಣ್ರಿ. ನಾವು ಇಲ್ಲಿ ಸೊಂಟ ಮುರ್ಕೊಂಡು ನೇಯೋದು, ನೀವು ಅಲ್ಲಿ ಪೇಪರ್ ಸುತ್ತಿ ಕೊಳೆಸೋದು. ಎಣ್ಣೆ ಡಬ್ಬ ಅಂದ್ಕೊಂಡ್ರಾ ಅದನ್ನ? ತಿಂಗಳಿಗೊಂದ್ಸಲ ತೆಗೆದು ಗಾಳಿಗೆ ಹಾಕಿ, ಮಡಿಕೆ ತಿರುಗಿಸಿ ಇಡೋಕೆ ಏನು ಕಷ್ಟ ನಿಮಗೆ?"

ಹೀಗೆ ನನ್ನ ಏಳು ತಲೆಮಾರಿಗೆ ಅರ್ಚನೆ ನಡೆಯುತ್ತಿರುವಾಗ ಸ್ಕ್ರೀನಿನ ಪಟ್ಟಿ ತುಂಬಿತು. ಮಷೀನು ಎರಡನೇ ಸರ್ವರ್ ಬಿಟ್ಟು ಐದನೆಯದರಲ್ಲಿ ಕಣ್ಣು ತೆರೆಯಿತು. ಲಾಳಿ ಈ ಕಡೆಯಿಂದ ಆ ಕಡೆ ಹೋಗುತ್ತಿತ್ತು, ಹೋಯಿತು. ಬೈಗುಳವೂ ನಿಲ್ಲಲಿಲ್ಲ.

"ಮುಗೀತು ಅಮ್ಮ," ಎಂದಳು ಮಗಳು ಸ್ವಲ್ಪ ಹೊತ್ತಿನ ಮೇಲೆ.

ಮಂಜುಳಮ್ಮ ಕೈ ತೆಗೆದರು. ಸಿದ್ದಕ್ಕ ತಡಮಾಡಲಿಲ್ಲ. ಬಟ್ಟೆಯ ಅಡಿಗೆ ಅಂಗೈ ಇಟ್ಟು ಬೆಳಕಿಗೆ ಓರೆ ಮಾಡಿ ನೋಡಿದರು. ಇಷ್ಟು ವರ್ಷ ಕಾದಿದ್ದ ಬೆರಳು ಮೆಲ್ಲಗೆ ಸರಿದು ನವಿಲಿನ ಕಾಲಿನ ಹತ್ತಿರ ನಿಂತಿತು.

"ಇಲ್ಲೈತೆ."

ಇತ್ತು. ಕೂದಲೆಳೆಯಷ್ಟು. ನನಗೂ ಕಂಡಿತು. ಸಿದ್ದಕ್ಕನಿಗೆ ಸಂತೋಷವಾಗಬೇಕಿತ್ತು. ಆದರೆ ಅವರು ಮೈಲಿಗೆ ಮುಟ್ಟಿದವರಂತೆ ಕೈ ಹಿಂದೆ ತೆಗೆದುಕೊಂಡರು. ಚೌಡೇಶ ನೆಲ ನೋಡಿದ. ಕರಾರು ಉಳಿಯಿತು, ನಮ್ಮ ಕೋಣೆ ಹೋಯಿತು.

ಜ್ಯೋತಿಲಕ್ಷ್ಮಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗೆರೆ ಬಿದ್ದಾಗ ಮಷೀನು ಜಾಗ ಬಿಟ್ಟು ಕದಲಿರಲಿಲ್ಲ. ಒಂದು ಮಾತು ಹೇಳಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಆ ಮಾತಿನ ಅರ್ಥ, ಮಂಜುಳಮ್ಮನ ಕೈ ತಪ್ಪಿತು ಎಂದು. ಅದೂ ಸಿದ್ದಕ್ಕನ ಎದುರಿಗೆ. ನಾನು ಬಾಯಿ ತೆರೆದೆ. ಅವಳು ಹಿಂದಕ್ಕೆ ಕೈ ಚಾಚಿ ನನ್ನ ಕಾಲಿಗೆ ಎಂಥ ಚಿವುಟಿದಳೆಂದರೆ ಬಾಯಿ ತಾನಾಗಿ ಮುಚ್ಚಿಕೊಂಡಿತು. ಅವಳು ತಲೆ ತಗ್ಗಿಸಿ ಲ್ಯಾಪ್‌ಟಾಪ್ ಮುಚ್ಚಿದಳು. ಅವಳ ಮೇಲೆ ನನಗೆ ಕೆಂಡದಂಥ ಕೋಪ ಬಂತು. ಆದರೂ ನಾನು ಇಷ್ಟು ದಿನ ಜೊತೆಗೆ ಕೂತು ಕೆಲಸ ಮಾಡಿದ್ದು ಎಂಥವಳ ಜೊತೆ ಎಂದು ಆವತ್ತು ತಿಳಿಯಿತು.

ಮಂಜುಳಮ್ಮ ಗೆರೆಯನ್ನೇ ನೋಡುತ್ತಿದ್ದರು. ಆಮೇಲೆ ಮಗಳನ್ನು ನೋಡಿದರು.

"ಅದು ಅಲ್ಲಿಂದ ಎದ್ದು ಇಲ್ಲಿ ಕೂತಿದ್ದು ಯಾವಾಗ?"

ಮಗಳು ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕತೊಡಗಿದಳು.

"ಅಮ್ಮಾಯಿ, ನಿನ್ನೇ ಕೇಳ್ತಿರೋದು."

"ಬಿಡಮ್ಮ. ಗೆರೆ ಬಿತ್ತಲ್ಲ."

ಮಂಜುಳಮ್ಮ ನನ್ನ ಕಡೆ ತಿರುಗಿದರು. ಚಿವುಟಿದ ಕಾಲನ್ನು ದೂರ ಎಳೆದುಕೊಂಡು ಹೇಳಿಯೇಬಿಟ್ಟೆ.

"ನೀವು ನನ್ನನ್ನ ಬೈತಾ ಇದ್ರಲ್ಲ, ಎಣ್ಣೆ ಡಬ್ಬ ಅಂತ. ಆಗ."

ಅವರು ಮತ್ತೆ ಬಟ್ಟೆಗೆ ಬಾಗಿದರು. ಬೆರಳು ನವಿಲಿನ ಕಾಲು ಬಿಟ್ಟು ಮೇಲೆ ಹೋಯಿತು. ಹೊಟ್ಟೆ, ಕುತ್ತಿಗೆ, ಜುಟ್ಟು. ನನ್ನನ್ನು ಬೈಯುವಾಗ ಯಾವ ಸಾಲಿನಲ್ಲಿದ್ದೆ ಎಂದು ಅವರಿಗೆ ಗೊತ್ತಿತ್ತು. ಅಲ್ಲಿ ಬಟ್ಟೆ ನೀರಿನ ಹಾಗಿತ್ತು. ಎರಡು ಸಲ ಸವರಿದರು. ಅವರು ಸುಮ್ಮನೆ ಎದ್ದು ಒಳಗೆ ಹೋಗಿದ್ದರೂ ಯಾರೂ ಏನೂ ಕೇಳುತ್ತಿರಲಿಲ್ಲ. ಅವರ ಹೆಸರು ಅಷ್ಟು ದೊಡ್ಡದು.

"ಸಿದ್ದಕ್ಕ, ಇದು ನನ್ನ ಕೈಯಿಂದ ಬಿದ್ದ ಗೆರೆ," ಎಂದರು. "ಮಷೀನು ಎತ್ತಿದ್ದು ಇಲ್ಲಿ, ಮ್ಯಾಲೆ. ಇಲ್ಲಿ ಏನೂ ಇಲ್ಲ, ಮುಟ್ಟಿ ನೋಡು. ಕೆಳಗೆ ಬಿದ್ದಿದ್ದು ನನ್ನ ಭಯ. ಅವಳು ಎತ್ತುತ್ತೀನಿ ಅಂದ ತಕ್ಷಣ ನಂಗೆ ಕೈ ನಡುಗ್ತು."

ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡರು. ಜ್ಯೋತಿಲಕ್ಷ್ಮಿ ಮಗ್ಗದ ಗುಂಡಿಯ ಅಂಚಿಗೆ ಹೋಗಿ ಅಮ್ಮನ ಭುಜಕ್ಕೆ ತಲೆ ಆನಿಸಿದಳು. ನನಗೆ ಕಣ್ಣು ತುಂಬಿತು. ಮೆಣಸಿನಕಾಯಿ ಖಾರ ಎಂದು ಹೇಳಲೂ ಆಗುವಂತಿರಲಿಲ್ಲ, ತಿಂದು ತುಂಬಾ ಹೊತ್ತಾಗಿತ್ತು.

ಸಿದ್ದಕ್ಕ ಮೇಲಿನ ಸಾಲುಗಳನ್ನು ಮುಟ್ಟಿ ನೋಡಿದರು. ಮತ್ತೆ ಚಾಪೆಯ ಮೇಲೆ ಕೂತು ಕಾಲು ಚಾಚಿಕೊಂಡರು.

"ನಿನ್ನ ಕೈಯೇ ನಡುಗ್ತು ಅಂದ್ರೆ ನಮ್ಮ ಕೈ ಏನಾಗ್ಬೇಕು ಮಂಜುಳಾ," ಎಂದರು. "ಲೇ ಚೌಡೇಶ, ಕರಾರು ಬದಲಾಯಿಸು. ನಮ್ಮದು ಎಲ್ಲಿಗೆ ಬೇಕಾದ್ರೂ ಎತ್ಕೊಳ್ಳಲಿ. ಆದ್ರೆ ನಮಗೆ ಮಾತ್ರ ಹೇಳಬಾರದು. ಮೊದಲೂ ಹೇಳಬಾರದು, ಆಮೇಲೂ ಹೇಳಬಾರದು. ಅದನ್ನ ದಪ್ಪಕ್ಷರದಲ್ಲಿ ಬರಿ."

ಮೊದಲು ನಕ್ಕವರು ಮಂಜುಳಮ್ಮ. ಆಮೇಲೆ ಎಲ್ಲರೂ ನಕ್ಕೆವು. ಚೌಡೇಶ ಮನೆಮನೆಗೆ ಹೋಗಿ ಬಂದ, ಎಲ್ಲರೂ ಹಾಗೇ ಅಂದರಂತೆ. ಎತ್ತಲಿ, ಹೇಳಬೇಡಿ.

ಭಾನುವಾರ ಇಡೀ ದಿನ ನಾವಿಬ್ಬರೂ ನೇಕಾರರನ್ನು ಒಬ್ಬೊಬ್ಬರಾಗಿ ಸರಿಸಿದೆವು. ಊರಿನಲ್ಲಿ ಎಲ್ಲ ಮಗ್ಗಗಳೂ ನಡೆಯುತ್ತಿದ್ದವು, ಯಾರಿಗೂ ಏನೂ ಗೊತ್ತಾಗಲಿಲ್ಲ. ಸಂಜೆಗೆ ಆರನೇ ಸರ್ವರ್ ಅರ್ಧಕ್ಕಿಂತ ಹೆಚ್ಚು ಖಾಲಿಯಾಯಿತು. ಸೋಮವಾರ ಕುದಾಪುರದವರ ಮಷೀನು ಬಂದು ಅಲ್ಲಿ ಆರಾಮಾಗಿ ಕೂತಿತು. ಜಂಬುಲಿಂಗಪ್ಪನವರು ಬಂದು ನೋಡಿದರು, ಬಿಸಿ ಬೋಂಡಾ ಕಟ್ಟಿಸಿ ಕಳಿಸಿದರು. ಶೇಂಗಾ ವ್ಯಾಪಾರಿಯ ಹೆಸರು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

ಹೊಸ ಕರಾರಿಗೆ ಒಬ್ಬರು ಮಾತ್ರ ಒಪ್ಪಲಿಲ್ಲ. ಮಂಜುಳಮ್ಮ ತಮ್ಮ ಹೆಸರಿನ ಮುಂದೆ ಹಳೇ ಷರತ್ತನ್ನೇ ಸ್ವಲ್ಪ ತಿದ್ದಿಸಿದ್ದರು. ಇವರ ಮಷೀನನ್ನು ಎತ್ತಬಹುದು, ಆದರೆ ಹೇಳಿಯೇ ಎತ್ತಬೇಕು.

ಹೋದ ವಾರ ಐದನೇ ಸರ್ವರ್‌ನ ಫ್ಯಾನು ಸದ್ದು ಮಾಡತೊಡಗಿತು. ರಿಪೇರಿಗೆ ಅದನ್ನು ಖಾಲಿ ಮಾಡಬೇಕಿತ್ತು. ರಿಪೇರಿಯವರು ಒಂದು ದಿನದ ಮಟ್ಟಿಗೆ ಬದಲಿ ಸರ್ವರ್ ತಂದಿಟ್ಟಿದ್ದರು. ಉಳಿದವರನ್ನೆಲ್ಲ ಸದ್ದಿಲ್ಲದೆ ಸರಿಸಿದೆವು. ಕೊನೆಗೆ ಜ್ಯೋತಿಲಕ್ಷ್ಮಿ ಮನೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. ಆ ಕಡೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಮೆಟ್ಟು, ಲಾಳಿ, ಬಡಿತ.

"ಅಮ್ಮಾ, ಎತ್ತುತ್ತಾ ಇದ್ದೀನಿ."

"ಸರೇ."

ಬಡಿತ ಹಾಗೇ ನಡೆಯಿತು. ಗಟ್ಟಿಯೂ ಆಗಲಿಲ್ಲ, ಮೆತ್ತಗೂ ಆಗಲಿಲ್ಲ. ನಾನು ಕುರ್ಚಿ ಮುಂದಕ್ಕೆ ಎಳೆದುಕೊಂಡು ಕಿವಿಗೊಟ್ಟೆ. ಸಮವಾಗಿ ಬರುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಫೋನಿನಿಂದ ಮಾತು ಬಂತು.

"ನನ್ನ ಕೈ ನಡೀತೈತೆ ಅಮ್ಮಾಯಿ. ನಿನ್ನ ಕೈ ಯಾಕೆ ನಿಂತೈತೆ?"

ತಿರುಗಿ ನೋಡಿದೆ. ಅವಳ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು, ಒತ್ತಿರಲಿಲ್ಲ. ಅವಳು ನಕ್ಕು ಉಸಿರು ಬಿಟ್ಟು ಒತ್ತಿದಳು. ಮಷೀನು ಜಾಗ ಬದಲಾಯಿಸಿತು, ಮಗ್ಗ ನಡೆಯುತ್ತಲೇ ಇತ್ತು.